ಸೊಂಟ ಹಿಡ್ಕೊಂಡಿದೆ, ಈಗೇನು ಮಾಡಲಿ? ಬೆನ್ನಿನ ಸ್ನಾಯು ನೋವಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಲೆನಾಡಿನ ಒಂದು ತಾಲ್ಲೂಕು ಊರಿನಲ್ಲಿ ಫಿಸಿಯೋಥೆರಪಿಸ್ಟ್. ನನ್ನ ಹತ್ತಿರ ಬರುವವರಲ್ಲಿ ಅಡಿಕೆ ಸುಲಿಯುವವರಿದ್ದಾರೆ, ಬಸ್ ಓಡಿಸುವವರಿದ್ದಾರೆ, ಹಬ್ಬಕ್ಕೆ ಊರಿಗೆ ಬಂದ ಸಾಫ್ಟ್‌ವೇರ್ ಹುಡುಗರಿದ್ದಾರೆ. ಮದುವೆ ಊಟದಲ್ಲಿ ಪಕ್ಕದ ಎಲೆಯವರೂ ಕೇಳುತ್ತಾರೆ, ಪಾಯಸ ಬರುವುದರೊಳಗೆ ಉತ್ತರ ಹೇಳಬೇಕು. ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅವರು ಕೇಳಿದ ಮಾತಿನಲ್ಲೇ ಇಲ್ಲಿ ಬರೆದಿಟ್ಟಿದ್ದೇನೆ.

## ಮೊದಲು ತಿಳಿದಿರಬೇಕಾದದ್ದು

ಬಗ್ಗಿ ಚಪ್ಪಲಿ ಎತ್ತಿಕೊಂಡೆ ಅಷ್ಟೇ, ಸೊಂಟ ಹಿಡ್ಕೊಂಡುಬಿಡ್ತು. ಒಳಗೆ ಏನಾಗಿದೆ?

ಬೆನ್ನುಮೂಳೆಯ ಎರಡೂ ಬದಿಗೆ ಹಗ್ಗದ ಹಾಗೆ ಉದ್ದಕ್ಕೆ ಸ್ನಾಯುಗಳಿವೆ. ಕೈಯಿಂದ ಒತ್ತಿದರೆ ಸಿಗುತ್ತವೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಇನ್ನೊಂದು ಚೌಕನೆಯ ಸ್ನಾಯು ಇದೆ. ದಣಿದಿರುವಾಗ ಇವುಗಳಲ್ಲಿ ಒಂದೆರಡು ಎಳೆ ಜಾಸ್ತಿ ಎಳೆದರೂ ಸಾಕು. ಸುತ್ತಲಿನದೆಲ್ಲ ಬಿಗಿದುಕೊಂಡು ಆ ಜಾಗವನ್ನು ಅಲುಗಾಡದಂತೆ ಹಿಡಿಯುತ್ತದೆ. ‘ಹಿಡ್ಕೊಂಡಿದೆ’ ಅನ್ನುತ್ತೇವಲ್ಲ, ಬಹಳ ಸರಿಯಾದ ಮಾತು ಅದು.

ನೋವು ಎಷ್ಟು ಜೋರಾಗಿದೆ ಅನ್ನುವುದರಿಂದ ಪೆಟ್ಟು ಎಷ್ಟು ದೊಡ್ಡದು ಅಂತ ಹೇಳಲಾಗದು. ಚಿಕ್ಕ ಸೆಳೆತವೂ ಉಸಿರು ಕಟ್ಟಿಸುತ್ತದೆ. ಚಪ್ಪಲಿಯದ್ದೂ ತಪ್ಪಿಲ್ಲ. ಹಿಂದಿನ ಮೂರು ದಿನ ಏನು ಮಾಡಿದ್ರಿ ಅಂತ ಕೇಳಿದರೆ ಗೃಹಪ್ರವೇಶ, ರಾತ್ರಿ ಬಸ್ಸು, ನಿದ್ದೆಗೆಟ್ಟಿದ್ದು ಎಲ್ಲ ಹೊರಬರುತ್ತದೆ. ನನಗೂ ಒಮ್ಮೆ ಹೀಗಾಗಿದೆ, ನೆಲದ ಮೇಲಿದ್ದ ಪೇಪರ್ ಎತ್ತುವಾಗ. ನಾನು ಗೋಡೆ ಹಿಡಿದು ನಿಂತಿದ್ದನ್ನು ನೋಡಿ ಮನೆಯವರು ನಕ್ಕಿದ್ದು ಇನ್ನೂ ನೆನಪಿದೆ.

ಇದು ಸ್ನಾಯು ನೋವೋ, ಡಿಸ್ಕ್ ಪ್ರಾಬ್ಲಮ್ಮೋ, ಕಿಡ್ನಿ ಕಲ್ಲೋ? ಹೇಗೆ ಗೊತ್ತಾಗುತ್ತೆ?

ಸ್ನಾಯು ನೋವು ನಿಮ್ಮ ಅಲುಗಾಟಕ್ಕೆ ತಕ್ಕಂತೆ ಕುಣಿಯುತ್ತದೆ. ಬಗ್ಗಿದರೆ ಚುಚ್ಚುತ್ತದೆ, ಒಂದು ಭಂಗಿಯಲ್ಲಿ ಸುಮ್ಮನಾಗುತ್ತದೆ. ‘ಇಲ್ಲೇ’ ಅಂತ ಅಂಗೈ ಇಟ್ಟು ತೋರಿಸಬಹುದು. ಕೆಲವೊಮ್ಮೆ ಪೃಷ್ಠದ ತನಕ, ತೊಡೆಯ ತನಕ ಹರಡುತ್ತದೆ. ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಉಬ್ಬಿ ನರ ಒತ್ತಿದ್ದರೆ ಕಥೆ ಬೇರೆ. ನೋವು ಗೆರೆ ಎಳೆದಂತೆ ಮಂಡಿಯ ಕೆಳಗೂ ಇಳಿಯುತ್ತದೆ, ಕರೆಂಟ್ ಹೊಡೆದಂತೆ ಇರುತ್ತದೆ, ಪಾದ ಜೋಮು ಹಿಡಿಯುತ್ತದೆ. ಕೆಮ್ಮಿದರೆ, ಸೀನಿದರೆ ಕಾಲಿಗೆ ಸಿಡಿಯುತ್ತದೆ.

ಕಲ್ಲಿನ ನೋವು ಅಲೆ ಅಲೆಯಾಗಿ ಬರುತ್ತದೆ. ಪಕ್ಕೆಯ ಹಿಂದೆ ಶುರುವಾಗಿ ತೊಡೆಸಂದಿಗೆ ಇಳಿಯುತ್ತದೆ. ಹೇಗೆ ಮಲಗಿದರೂ ನೆಮ್ಮದಿ ಇಲ್ಲ, ಮನುಷ್ಯ ಹೊರಳಾಡುತ್ತಾನೆ. ಮೂತ್ರದಲ್ಲಿ ಉರಿ ಅಥವಾ ರಕ್ತ ಕಾಣಬಹುದು. ಸ್ನಾಯು ಹಿಡಿದವನು ಹೊರಳಾಡುವುದಿಲ್ಲ, ಅಲುಗಾಡಲು ಹೆದರಿ ಮರದ ಕೊರಡಿನ ಹಾಗೆ ಬಿದ್ದಿರುತ್ತಾನೆ.

ಯಾವಾಗ ಮನೆಮದ್ದು ಬಿಟ್ಟು ಡಾಕ್ಟರ್ ಹತ್ತಿರ ಓಡಬೇಕು?

ಇದೊಂದು ಉತ್ತರವನ್ನು ದಯವಿಟ್ಟು ಪೂರ್ತಿ ಓದಿ.

ಸೈಕಲ್ ಸೀಟಿಗೆ ತಾಗುವ ಜಾಗದಲ್ಲಿ ಮರಗಟ್ಟಿದ ಹಾಗಾದರೆ, ಮೂತ್ರ ಕಟ್ಟಿಕೊಂಡರೆ ಅಥವಾ ತಿಳಿಯದೇ ಹೋದರೆ, ಮಲದ ಹತೋಟಿ ತಪ್ಪಿದರೆ, ಎರಡೂ ಕಾಲು ಸೋಲುತ್ತಿದ್ದರೆ ಅವತ್ತೇ, ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಗೆ ಹೋಗಿ. ಬೆನ್ನಿನ ಕೆಳಗಿನ ನರಗಳ ಗೊಂಚಲು ಅಮುಕಿದಾಗ ಹೀಗಾಗುತ್ತದೆ. ಇಲ್ಲಿ ಗಂಟೆಗಳ ಲೆಕ್ಕ. ಪಾದ ಎತ್ತಲಾಗದೆ ನೆಲಕ್ಕೆ ಎಳೆಯುತ್ತಿದ್ದರೂ ತಡ ಮಾಡಬೇಡಿ.

ಬಿದ್ದು ಪೆಟ್ಟಾದ ಮೇಲೆ ಬಂದ ನೋವು, ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬಂದ ನೋವು, ತುಂಬಾ ದಿನ ಸ್ಟೀರಾಯ್ಡ್ ತಗೊಂಡವರ ನೋವು, ವಯಸ್ಸಾದವರಿಗೆ ಸುಮ್ಮನೆ ಜಾರಿ ಕುಳಿತ ಮೇಲೆ ಬಂದ ನೋವು, ಇವೆಲ್ಲ ತೋರಿಸಲೇಬೇಕಾದವು. ಸವೆದ ಮೂಳೆ ಸಣ್ಣ ಕುಲುಕಿಗೂ ಕುಸಿಯುತ್ತದೆ. ತೂಕ ಇಳಿಯುತ್ತಾ, ಸಂಜೆ ಜ್ವರ ಬರುತ್ತಾ, ರಾತ್ರಿಯೂ ಬಿಡದ ನೋವಿದ್ದರೆ ಬೆನ್ನುಮೂಳೆಯ ಕ್ಷಯ ಇದೆಯೇ ಅಂತ ನೋಡಿಸಬೇಕು. ನಮ್ಮ ದೇಶದಲ್ಲಿ ಅದು ಅಪರೂಪವಲ್ಲ, ಔಷಧಿಯೂ ಇದೆ.

ಮಳೆಗಾಲದಲ್ಲಿ ಇನ್ನೊಂದು ಮಾತು. ಜ್ವರದ ಜೊತೆ ಸೊಂಟ ಮುರಿದು ಹೋಗುವಂಥ ನೋವು ಬಂದರೆ ಅದು ಡೆಂಗೀ ಇರಬಹುದು. ಗದ್ದೆ ಕೆಸರಿನಲ್ಲಿ ಕೆಲಸ ಮಾಡಿದವರಿಗೆ ಮೀನಖಂಡ, ಸೊಂಟ ಎರಡೂ ನೋಯುತ್ತಿದ್ದರೆ ಇಲಿ ಜ್ವರ ಇರಬಹುದು. ರಕ್ತ ಪರೀಕ್ಷೆ ಆಗುವ ತನಕ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಮುಟ್ಟಬೇಡಿ, ಡೆಂಗೀಯಲ್ಲಿ ಅವು ರಕ್ತಸ್ರಾವ ಹೆಚ್ಚಿಸಬಹುದು. ಇನ್ನು ಮೇಲಿನ ಬೆನ್ನು ನೋವಿನ ಜೊತೆ ಎದೆ ಹಿಂಡಿದಂತಾಗಿ ಬೆವರು ಬಂದರೆ ಅದನ್ನು ಸ್ನಾಯು ನೋವು ಅಂತ ಮುಲಾಮು ತಿಕ್ಕುತ್ತಾ ಕೂರಬೇಡಿ.

## ನೋವು ಬಂದ ಮೊದಲ ವಾರ

ಎಷ್ಟು ದಿನ ಮಲಗಿರಬೇಕು?

ಮಲಗಿರಬಾರದು. ಇದನ್ನು ಕೇಳಿದರೆ ಅರ್ಧ ಜನ ನನ್ನನ್ನು ನಂಬುವುದಿಲ್ಲ.

ಹಿಂದೆ ಡಾಕ್ಟರುಗಳೇ ವಾರಗಟ್ಟಲೆ ಮಲಗಿ ಅನ್ನುತ್ತಿದ್ದರು. 1986ರಲ್ಲಿ ಅಮೆರಿಕದಲ್ಲಿ ಎರಡು ದಿನ ಮಲಗಿದವರನ್ನೂ ಏಳು ದಿನ ಮಲಗಿದವರನ್ನೂ ಹೋಲಿಸಿ ನೋಡಿದರು. ಏಳು ದಿನ ಮಲಗಿದವರಿಗೆ ಸಿಕ್ಕಿದ ಲಾಭ ಏನೂ ಇಲ್ಲ, ಕೆಲಸಕ್ಕೆ ರಜೆ ಮಾತ್ರ ಜಾಸ್ತಿ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಮೂರು ಗುಂಪು ಮಾಡಿದರು. ಒಂದು ಗುಂಪು ಮಲಗಿತು, ಇನ್ನೊಂದು ವ್ಯಾಯಾಮ ಮಾಡಿತು, ಮೂರನೆಯದು ನೋವು ಬಿಟ್ಟಷ್ಟು ಮಾಮೂಲಿ ಕೆಲಸ ಮಾಡಿಕೊಂಡು ಇತ್ತು. ಬೇಗ ಗುಣವಾಗಿದ್ದು ಮೂರನೆಯ ಗುಂಪು.

ನೋವು ಜೋರಾಗಿರುವ ಮೊದಲ ದಿನ ಆಗಾಗ ಅರ್ಧ ಗಂಟೆ ಒರಗಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಗಂಟೆಗೊಮ್ಮೆ ಎದ್ದು ಅಂಗಳದ ತನಕ ಹೋಗಿ ಬನ್ನಿ. ಅಲುಗಾಡದ ಸ್ನಾಯು ಇನ್ನಷ್ಟು ಬಿಗಿಯುತ್ತದೆ. ನಡೆಯುವಾಗ ಸ್ವಲ್ಪ ನೋವಾದರೆ ಒಳಗೆ ಏನೋ ಹರಿಯುತ್ತಿದೆ ಅಂತ ಅರ್ಥವಲ್ಲ.

ರಾತ್ರಿ ಮಗ್ಗಲು ಬದಲಿಸೋಕೇ ಆಗ್ತಿಲ್ಲ. ಹೇಗೆ ಮಲಗಲಿ, ಹೇಗೆ ಏಳಲಿ?

ಅಂಗಾತ ಮಲಗುವುದಾದರೆ ಮಂಡಿಯ ಕೆಳಗೆ ಎರಡು ದಿಂಬು ಇಡಿ. ಮಗ್ಗುಲಾಗುವುದಾದರೆ ಎರಡು ಮಂಡಿಗಳ ನಡುವೆ ಒಂದು. ತೀರಾ ಹಿಡಿದಿದ್ದರೆ ನೆಲದ ಮೇಲೆ ಮಲಗಿ, ಮೀನಖಂಡ ಎರಡನ್ನೂ ಕುರ್ಚಿಯ ಮೇಲೆ ಇಟ್ಟು ಹತ್ತು ನಿಮಿಷ ಹಾಗೇ ಇರಿ. ಬಹಳ ಜನಕ್ಕೆ ಮೊದಲ ನೆಮ್ಮದಿ ಸಿಗುವುದು ಇಲ್ಲೇ.

ಏಳುವಾಗ ಅಂಗಾತದಿಂದ ನೆಟ್ಟಗೆ ಏಳಲು ಹೋಗಬೇಡಿ. ಮಂಡಿ ಮಡಚಿ, ಭುಜ ಸೊಂಟ ಎರಡನ್ನೂ ಒಟ್ಟಿಗೆ ಹೊರಳಿಸಿ ಮಗ್ಗುಲಾಗಿ. ಕಾಲು ಮಂಚದಿಂದ ಕೆಳಗಿಳಿಸುತ್ತಾ ಕೈಯೂರಿ ಮೇಲೇಳಿ. ‘ಬಲ ಮಗ್ಗುಲಲ್ಲಿ ಏಳು’ ಅಂತ ಅಜ್ಜಿ ಹೇಳುತ್ತಿದ್ದರಲ್ಲ, ಬಲವೋ ಎಡವೋ, ಮಗ್ಗುಲಲ್ಲಿ ಏಳುವುದಂತೂ ಬೆನ್ನಿಗೆ ಒಳ್ಳೆಯದೇ.

ಬಿಸಿ ಶಾಖ ಕೊಡಲಾ, ಐಸ್ ಇಡಲಾ?

ಹಿಡಿದ ಸ್ನಾಯುವಿಗೆ ಬಿಸಿಯೇ ಹಿತ. ಅಮೆರಿಕದ ವೈದ್ಯರ ಸಂಘ 2017ರಲ್ಲಿ ಕೊಟ್ಟ ಸಲಹೆಯಲ್ಲೂ ಹೊಸ ಸೊಂಟ ನೋವಿಗೆ ಮಾತ್ರೆಗಿಂತ ಮೊದಲು ಶಾಖ, ಮಸಾಜ್ ಇಂಥವನ್ನು ಹೇಳಿದ್ದಾರೆ. ಬಿಸಿನೀರಿನ ಚೀಲವೋ, ಬಾಣಲೆಯಲ್ಲಿ ಹುರಿದು ಬಟ್ಟೆಯಲ್ಲಿ ಕಟ್ಟಿದ ಕಲ್ಲುಪ್ಪೋ, ಹದಿನೈದು ಇಪ್ಪತ್ತು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾಗಿರುವವರು ಜೋಪಾನ, ಸುಟ್ಟರೂ ತಿಳಿಯುವುದಿಲ್ಲ. ಮುಲಾಮು ಹಚ್ಚಿದ ಮೇಲೆ ಶಾಖ ಕೊಡಬೇಡಿ, ಬೊಬ್ಬೆ ಏಳುತ್ತದೆ.

ಪೆಟ್ಟು ಬಿದ್ದು ಊದಿದ್ದರೆ ಮೊದಲ ಎರಡು ದಿನ ಐಸ್ ಇಡಬಹುದು, ಬಟ್ಟೆ ಸುತ್ತಿ.

ಎಕ್ಕದ ಎಲೆ, ಹರಳೆಣ್ಣೆ, ನೀಲಗಿರಿ ಎಣ್ಣೆ... ಇವುಗಳಲ್ಲಿ ಏನಾದ್ರೂ ಇದೆಯಾ?

ಬಿಸಿ ಇದೆ, ತಿಕ್ಕುವ ಕೈ ಇದೆ. ಎರಡೂ ಕೆಲಸ ಮಾಡುತ್ತವೆ. ನೀಲಗಿರಿ, ಕರ್ಪೂರ, ಪುದೀನ ಸತ್ವ ಇವು ಚರ್ಮಕ್ಕೆ ಬಿಸಿಯೋ ತಂಪೋ ಅನಿಸಿ ಮಿದುಳಿನ ಗಮನವನ್ನು ನೋವಿನಿಂದ ಸ್ವಲ್ಪ ಆಚೆ ಎಳೆಯುತ್ತವೆ. ಎಣ್ಣೆ ಮೂಳೆಯ ತನಕ ಇಳಿಯುವುದಿಲ್ಲ, ಇಳಿಯಬೇಕಾಗಿಯೂ ಇಲ್ಲ. ಎಕ್ಕದ ಹಾಲು ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ, ಕಣ್ಣಿನ ಮುಂದಿನ ಪಾರದರ್ಶಕ ಪದರವನ್ನೇ ಕೆಡಿಸಬಲ್ಲದು.

ಮೆಡಿಕಲ್ ಶಾಪಿನಲ್ಲಿ ಕೊಡೋ ಮಾತ್ರೆಗೆ ಬೇಗ ಹೋಗುತ್ತೆ. ದಿನಾ ತಗೊಳ್ಳಬಹುದಾ?

ಮೂರು ನಾಲ್ಕು ದಿನ, ಊಟದ ಮೇಲೆ, ಡಾಕ್ಟರ್ ಹೇಳಿದ ಅಳತೆಯಲ್ಲಿ ಆದರೆ ಸರಿ. ತಿಂಗಳುಗಟ್ಟಲೆ ಅಂದರೆ ಖಂಡಿತ ಬೇಡ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಗುಂಪಿನ ಮಾತ್ರೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಬಿಪಿ ಏರಿಸುತ್ತವೆ, ಕಿಡ್ನಿಗೂ ಹೃದಯಕ್ಕೂ ಭಾರ. ಬಿಪಿ, ಶುಗರ್, ಕಿಡ್ನಿ ತೊಂದರೆ, ಅಸ್ತಮಾ ಇರುವವರು, ಗರ್ಭಿಣಿಯರು ಕೇಳದೆ ಮುಟ್ಟಲೇಬಾರದು. ಅದೇ ಡೈಕ್ಲೋಫೆನಾಕ್ ಜೆಲ್ ಆದರೆ ಮೈಗೆ ಸೇರುವುದು ಬಹಳ ಕಡಿಮೆ.

ಪ್ಯಾರಾಸಿಟಮಾಲ್ ಹೊಟ್ಟೆಗೆ ಮೃದು. ಆದರೆ 2014ರಲ್ಲಿ ಆಸ್ಟ್ರೇಲಿಯಾದಲ್ಲಿ 1,600ಕ್ಕೂ ಹೆಚ್ಚು ಜನರ ಮೇಲೆ ನೋಡಿದಾಗ, ಹೊಸ ಸೊಂಟ ನೋವು ಅದರಿಂದ ಬೇಗ ವಾಸಿಯಾಗಲಿಲ್ಲ. ಬರೀ ಸಕ್ಕರೆ ಗುಳಿಗೆಯಂಥದ್ದನ್ನು ತಗೊಂಡವರೂ ಅಷ್ಟೇ ದಿನಕ್ಕೆ ಗುಣವಾದರು. ಸ್ನಾಯು ಸಡಿಲಿಸುವ ಮಾತ್ರೆ ಸೇರಿದ್ದರೆ ಕೆಲವರಿಗೆ ತೂಕಡಿಕೆ ಬರುತ್ತದೆ, ಅದು ನುಂಗಿ ಗಾಡಿ ಓಡಿಸಬೇಡಿ. ಚೀಟಿ ಇಲ್ಲದೆ ಪೊಟ್ಟಣ ಕಟ್ಟಿಕೊಡುವ ಬಣ್ಣ ಬಣ್ಣದ ಗುಳಿಗೆಗಳಲ್ಲಿ ಸ್ಟೀರಾಯ್ಡ್ ಇದ್ದರೆ ಎರಡು ದಿನದಲ್ಲಿ ಓಡಾಡಿಸಿಬಿಡುತ್ತದೆ. ಅದರ ಬೆಲೆ ಆಮೇಲೆ ಮೂಳೆ ತೆರುತ್ತದೆ.

ಕಾಲು ಮುಂದಾಗಿ ಹುಟ್ಟಿದವರ ಹತ್ತಿರ ತುಳಿಸಿಕೊಂಡ್ರೆ ಉಳುಕು ಹೋಗುತ್ತಂತೆ, ನಿಜಾನಾ?

ನಮ್ಮ ಕಡೆ ಈ ನಂಬಿಕೆ ಬಲವಾಗಿದೆ. ಮೆತ್ತಗೆ ಪಾದ ತಾಗಿಸಿ ನೀವಿದರೆ ಹಾನಿಯಿಲ್ಲ. ಎರಡು ಮೂರು ದಿನಕ್ಕೆ ತಾನಾಗಿ ಇಳಿಯುವ ನೋವು ಇಳಿದಾಗ ಪುಣ್ಯ ಆ ಪಾದಕ್ಕೆ ಹೋಗುತ್ತದೆ, ಅಷ್ಟೇ. ಆದರೆ ಜೋರಾಗಿ ಒದೆಸಿಕೊಳ್ಳುವುದು, ಬೆನ್ನ ಮೇಲೆ ನಿಲ್ಲಿಸಿಕೊಳ್ಳುವುದು, ಇಬ್ಬರು ಹಿಡಿದು ತಿರುಚುವುದು ಬೇಡವೇ ಬೇಡ. ವಯಸ್ಸಾದವರಿಗಂತೂ ಮೂಳೆ ಮುರಿಯುತ್ತದೆ. ‘ಲಟಕ್’ ಅಂತ ಸದ್ದು ಬಂದರೆ ಮೂಳೆ ಕೂತಿತು ಅಂತಲ್ಲ. ಕೀಲಿನ ದ್ರವದಲ್ಲಿ ಗಾಳಿಯ ಗುಳ್ಳೆ ಮೂಡುವಾಗ ಬರುವ ಸದ್ದು ಅದು. ಬೆರಳು ನೆಟಿಕೆ ತೆಗೆದಾಗಲೂ ಅದೇ ಸದ್ದು.

ಎಷ್ಟು ದಿನಕ್ಕೆ ಗುಣ ಆಗುತ್ತೆ?

ಜೋರು ಇಳಿಯಲು ಕೆಲವು ದಿನ, ಪೂರ್ತಿ ಹೋಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಇಳಿಕೆ ನೇರವಾಗಿ ಇರುವುದಿಲ್ಲ. ನಾಲ್ಕು ದಿನ ಚೆನ್ನಾಗಿದ್ದು ಐದನೆಯ ದಿನ ಮತ್ತೆ ಹಿಡಿಯಬಹುದು. ಗಾಬರಿ ಬೇಡ. ಎರಡು ವಾರ ಕಳೆದರೂ ಒಂದಿಷ್ಟೂ ಕಡಿಮೆ ಇಲ್ಲದಿದ್ದರೆ ತೋರಿಸಿ.

## ಕೆಲಸ, ಮನೆ, ದಾರಿ

ಸಿಲಿಂಡರ್, ಅಕ್ಕಿ ಮೂಟೆ, ನೀರಿನ ಕ್ಯಾನು... ಸರಿಯಾಗಿ ಎತ್ತೋದು ಹೇಗೆ?

ತುಂಬಿದ ಮನೆ ಸಿಲಿಂಡರ್ ಹತ್ತಿರ ಹತ್ತಿರ 30 ಕೆ.ಜಿ. ತೂಗುತ್ತದೆ. ಒಳಗಿನ ಗ್ಯಾಸೇ 14.2 ಕೆ.ಜಿ. ನೀರಿನ ಕ್ಯಾನು 20 ಕೆ.ಜಿ. ಇವನ್ನು ಎತ್ತುವುದಕ್ಕಿಂತ ಉರುಳಿಸುವುದು, ಎಳೆಯುವುದು, ಇಬ್ಬರು ಹಿಡಿಯುವುದು ಜಾಣತನ. ಎತ್ತಲೇಬೇಕಾದರೆ ಭಾರವನ್ನು ಹೊಟ್ಟೆಗೆ ಒತ್ತಿಕೊಳ್ಳಿ. ಬೆನ್ನಿಗೆ ಬೀಳುವ ಹೊರೆ ತೂಕದಿಂದ ಮಾತ್ರ ಬರುವುದಲ್ಲ, ಅದು ನಿಮ್ಮಿಂದ ಎಷ್ಟು ದೂರ ಇದೆ ಅನ್ನುವುದರಿಂದಲೂ ಬರುತ್ತದೆ. ಕೈ ಚಾಚಿ ಹಿಡಿದ ಹತ್ತು ಕೆ.ಜಿ. ಮೈಗೆ ಅಪ್ಪಿ ಹಿಡಿದ ಇಪ್ಪತ್ತಕ್ಕಿಂತ ಕಷ್ಟ ಕೊಡಬಹುದು.

ಎತ್ತಿದ ಮೇಲೆ ಸೊಂಟ ತಿರುಚಿ ಪಕ್ಕಕ್ಕೆ ಇಡಬೇಡಿ, ಪಾದ ತಿರುಗಿಸಿ. ನನ್ನ ಹತ್ತಿರ ಬಂದವರಲ್ಲಿ ಹೆಚ್ಚಿನವರಿಗೆ ಹಿಡಿದದ್ದು ಎತ್ತುವಾಗ ಅಲ್ಲ, ಎತ್ತಿದ್ದನ್ನು ಪಕ್ಕದ ಬಾಗಿಲಿನೊಳಗೆ ತಿರುಗಿಸಿ ಇಡುವಾಗ.

ನೀವು ಬಗ್ಗಬೇಡಿ ಅಂತೀರಿ. ಬಗ್ಗದೆ ಗದ್ದೆ ನೆಟ್ಟಿ ಮಾಡೋದು ಹೇಗೆ ಸ್ವಾಮಿ?

ಕೇಳಿದ ಅಮ್ಮನಿಗೆ ನಾನು ಉತ್ತರ ಕೊಡಲು ತಡವರಿಸಿದ್ದು ನಿಜ. ಆಮೇಲೆ ಯೋಚಿಸಿ ಹೇಳಿದ್ದು ಇದು: ಬಗ್ಗಿ. ಬೆನ್ನು ಬಗ್ಗಲೆಂದೇ ಇರುವುದು. ಆದರೆ ಎರಡು ಗಂಟೆ ಒಂದೇ ಸಮನೆ ಬೇಡ.

ಬಗ್ಗಿದಾಗ ಬೆನ್ನಿನ ಸ್ನಾಯು ಮೈಭಾರ ಹಿಡಿದು ನಿಲ್ಲುತ್ತದೆ. ಬಿಡುವಿಲ್ಲದೆ ಬಿಗಿದ ಸ್ನಾಯುವಿಗೆ ರಕ್ತ ಸರಿಯಾಗಿ ಹರಿಯದು. ಒಂದು ಸಾಲು ಮುಗಿದಾಗ ಎದ್ದು ನಿಂತು, ಸೊಂಟಕ್ಕೆ ಕೈಕೊಟ್ಟು ನಾಲ್ಕೈದು ಸಲ ಹಿಂದಕ್ಕೆ ಬಾಗಿ. ಹಿಂದಿನವರು ನೆಟ್ಟಿಯ ನಡುವೆ ಎಲೆಯಡಿಕೆಗೆ ಅಂತ ಬದುವಿನ ಮೇಲೆ ಕೂರುತ್ತಿದ್ದರಲ್ಲ, ಎಲೆಯಡಿಕೆ ಬಿಡಿ, ಕೂರುವುದನ್ನು ಉಳಿಸಿಕೊಳ್ಳಿ. ನೆಡುವ ಕೆಲಸವನ್ನೂ ಸಸಿಕಟ್ಟು ಹೊರುವ ಕೆಲಸವನ್ನೂ ಗಂಟೆಗೊಮ್ಮೆ ಅದಲು ಬದಲು ಮಾಡಿಕೊಂಡರೆ ಇಬ್ಬರ ಬೆನ್ನಿಗೂ ಬಿಡುವು. ಕಳೆ ತೆಗೆಯಲು ಉದ್ದ ಹಿಡಿಯ ಕೋನೋವೀಡರ್ ಸಿಕ್ಕರೆ ಬಿಡಬೇಡಿ. ಸಾಲುನಾಟಿ ಮಾಡಿದ್ದರೆ ಮಾತ್ರ ಅದು ಓಡುತ್ತದೆ.

ಅಡಿಕೆ ಸುಲಿಯುವವರದ್ದು ಬೇರೆ ಪಾಡು. ಮೆಟ್ಟುಗತ್ತಿಯ ಮುಂದೆ ರಾತ್ರಿ ಹನ್ನೊಂದರ ತನಕ ಕೂರುತ್ತಾರೆ. ಕೂರುವ ಮಣೆ ಎತ್ತರಿಸಿ, ಬೆನ್ನು ಗೋಡೆಗೋ ಕಂಬಕ್ಕೋ ತಾಗಲಿ, ಅಡಿಕೆ ರಾಶಿ ಒಂದೇ ಬದಿಗೆ ಇರದಿರಲಿ. ಒಂದು ಡಬ್ಬ ತುಂಬಿದಾಗ ಏಳುವುದು ಅಂತ ನಿಯಮ ಮಾಡಿಕೊಂಡವರು ನನ್ನ ಹತ್ತಿರ ಬರುವುದು ಕಡಿಮೆ.

ದಿನಕ್ಕೆ ಹತ್ತು ಗಂಟೆ ಲ್ಯಾಪ್‌ಟಾಪ್. ದುಬಾರಿ ಕುರ್ಚಿ ತಗೊಳ್ಳಲಾ?

ದುಡ್ಡಿದ್ದರೆ ತಗೊಳ್ಳಿ. ಆದರೆ ಐವತ್ತು ಸಾವಿರದ ಕುರ್ಚಿಯಲ್ಲಿ ಅಲುಗಾಡದೆ ಕೂತವನಿಗಿಂತ ಪ್ಲಾಸ್ಟಿಕ್ ಕುರ್ಚಿಯಿಂದ ಅರ್ಧ ಗಂಟೆಗೊಮ್ಮೆ ಏಳುವವನ ಬೆನ್ನು ಚೆನ್ನಾಗಿರುತ್ತದೆ. ಪಾದ ನೆಲಕ್ಕೆ ತಾಗಬೇಕು, ಸೊಂಟದ ಹಿಂದೆ ಸುರುಳಿ ಮಾಡಿದ ಟವೆಲ್ ಇರಲಿ, ತೆರೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಲಿ. ಲ್ಯಾಪ್‌ಟಾಪ್ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಟ್ಟು ಬೇರೆ ಕೀಬೋರ್ಡ್ ಜೋಡಿಸಿದರೆ ಇದು ಆಗುತ್ತದೆ. ಫೋನ್ ಬಂದಾಗ ನಡೆಯುತ್ತಾ ಮಾತಾಡಿ. ‘ನೆಟ್ಟಗೆ ಕೂರು’ ಅಂತ ದಿನವಿಡೀ ತನ್ನನ್ನೇ ಗದರಿಸಿಕೊಳ್ಳುವುದೂ ಒಂದು ಬಿಗಿತವೇ.

ಬೈಕಿನಲ್ಲಿ ಹಂಪ್ ಹಾರಿದ್ರೆ ಜೀವ ಹೋಗುತ್ತೆ. ಬೈಕ್ ಬಿಡಬೇಕಾ?

ನೋವು ಜೋರಿರುವ ವಾರ ಬಸ್ಸಿನಲ್ಲಿ ಹೋಗಿ, ಹಿಂದಿನ ಸೀಟು ಬೇಡ. ಆಮೇಲೆ ಓಡಿಸಬಹುದು. ಟೈರಿಗೆ ಗಾಳಿ ಜಾಸ್ತಿ ತುಂಬಿಸಬೇಡಿ, ಶಾಕ್ ಅಬ್ಸಾರ್ಬರ್ ನೋಡಿಸಿ, ಮುಂದೆ ಹಂಪ್ ಕಂಡಾಗ ಫುಟ್‌ರೆಸ್ಟ್ ಮೇಲೆ ಭಾರ ಕೊಟ್ಟು ಪೃಷ್ಠ ಸ್ವಲ್ಪ ಎತ್ತಿ. ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂರುವವರಿಗೆ ಸೊಂಟ ತಿರುಚಿಯೇ ಇರುತ್ತದೆ, ದೂರದ ದಾರಿಗೆ ಅದು ಬೇಡ.

ಹಾಸಿಗೆ ತೆಗೆದು ನೆಲದ ಮೇಲೆ ಚಾಪೆ ಹಾಕಿ ಮಲಗಬೇಕು ಅಂತಾರೆ. ಹೌದಾ?

2003ರಲ್ಲಿ ಸ್ಪೇನಿನಲ್ಲಿ ಹಳೆಯ ಸೊಂಟ ನೋವಿದ್ದ 313 ಜನರಿಗೆ ಗಟ್ಟಿ ಹಾಸಿಗೆ, ನಡು ಗಟ್ಟಿ ಹಾಸಿಗೆ ಎರಡು ತರಹ ಕೊಟ್ಟು ಮೂರು ತಿಂಗಳು ನೋಡಿದರು. ನಡು ಗಟ್ಟಿಯದೇ ಗೆದ್ದಿತು. ಹೊಸದಾಗಿ ಹಿಂಜಿ ತುಂಬಿಸಿದ ಹತ್ತಿ ಹಾಸಿಗೆ ಹೆಚ್ಚುಕಡಿಮೆ ಆ ಹದಕ್ಕೆ ಬರುತ್ತದೆ. ನಡುವೆ ಗುಂಡಿ ಬಿದ್ದದ್ದು ಮಾತ್ರ ಬೇಡ. ಚಾಪೆಯೇ ಹಿತ ಅನಿಸಿದರೆ ಚಾಪೆಯಲ್ಲೇ ಮಲಗಿ. ನೆಲದಿಂದ ಏಳುವುದೇ ಕಷ್ಟವಾದ ವಯಸ್ಸಿನವರಿಗೆ ಅದು ಶಿಕ್ಷೆ.

ಬೆಲ್ಟ್ ಕಟ್ಟಿಕೊಂಡರೆ ನೋವು ಬರೋದಿಲ್ಲ ಅಲ್ವಾ?

ಬಂದ ನೋವಿಗೆ, ದೂರದ ಪ್ರಯಾಣಕ್ಕೆ ಕೆಲವು ದಿನ ಕಟ್ಟಿಕೊಳ್ಳಬಹುದು. ಬಾರದಂತೆ ಮಾತ್ರ ಅದು ತಡೆಯುವುದಿಲ್ಲ. ಸುಮಾರು 30 ಸಾವಿರ ಜನರ ಮೇಲೆ ನಡೆದ ಅಧ್ಯಯನಗಳನ್ನು 2016ರಲ್ಲಿ ಒಟ್ಟು ಹಾಕಿ ನೋಡಿದಾಗ ಬೆಲ್ಟ್‌ನಿಂದಾಗಲಿ, ಚಪ್ಪಲಿಯೊಳಗೆ ಇಡುವ ಮೆತ್ತೆಯಿಂದಾಗಲಿ ತಡೆ ಸಿಕ್ಕಿರಲಿಲ್ಲ. ವ್ಯಾಯಾಮದ ಜೊತೆ ಬೆನ್ನಿನ ಬಗ್ಗೆ ತಿಳಿವಳಿಕೆ ಪಡೆದವರಲ್ಲಿ ಹೊಸದಾಗಿ ನೋವು ಬರುವ ಸಂಭವ ಶೇ. 45ರಷ್ಟು ಇಳಿದಿತ್ತು.

ಆಲೂಗಡ್ಡೆ, ಕಡಲೆಬೇಳೆ ತಿಂದ್ರೆ ವಾಯು ಆಗಿ ಬೆನ್ನು ಹಿಡಿಯುತ್ತಾ?

ಹೊಟ್ಟೆ ಉಬ್ಬರಿಸಿದರೆ ಪಕ್ಕೆ, ಬೆನ್ನು ಬಿಗಿದಂತೆ ಅನಿಸಬಹುದು. ಸ್ನಾಯು ಹಿಡಿಯುವುದಕ್ಕೆ ಅಂಬೊಡೆ ಕಾರಣವಲ್ಲ. ಆಹಾರದಲ್ಲಿ ನಾನು ಕೇಳುವುದು ಬೇರೆ: ಬಿಸಿಲಿಗೆ ಹೋಗುತ್ತೀರಾ? ಡಿ ವಿಟಮಿನ್ ಕೊರತೆ ನಮ್ಮಲ್ಲಿ ಸಾಮಾನ್ಯ. ಮೈಕೈ, ಸೊಂಟ, ತೊಡೆ ಎಲ್ಲ ಮಂದವಾಗಿ ನೋಯುತ್ತಿದ್ದರೆ ಪರೀಕ್ಷೆ ಮಾಡಿಸಿ. ಬೀಡಿ, ಸಿಗರೇಟು ಸೇದುವವರಲ್ಲಿ ಸೊಂಟ ನೋವು ಜಾಸ್ತಿ ಅನ್ನುವುದೂ ಗೊತ್ತಿರಲಿ.

ಸಿಸೇರಿಯನ್ ಮಾಡುವಾಗ ಬೆನ್ನಿಗೆ ಕೊಟ್ಟ ಇಂಜೆಕ್ಷನ್‌ನಿಂದಲೇ ನನಗೆ ಈ ನೋವು. ಹೌದಲ್ವಾ?

ಪ್ರತಿ ತಿಂಗಳೂ ಒಬ್ಬರಾದರೂ ಕೇಳುತ್ತಾರೆ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ವರ್ಷಗಟ್ಟಲೆ ಉಳಿಯುವ ನೋವಿಗೆ ಅದು ಕಾರಣವಲ್ಲ. ಹೆರಿಗೆಯಲ್ಲಿ ಬೆನ್ನಿಗೆ ಮರಗಟ್ಟುವ ಮದ್ದು ಪಡೆದವರನ್ನೂ ಪಡೆಯದವರನ್ನೂ ಹೋಲಿಸಿದಾಗ ಮುಂದಿನ ಬೆನ್ನು ನೋವಿನಲ್ಲಿ ವ್ಯತ್ಯಾಸ ಕಂಡಿಲ್ಲ.

ಹಾಗಾದರೆ ಯಾಕೆ? ಒಂಬತ್ತು ತಿಂಗಳು ಹೊಟ್ಟೆಯ ಸ್ನಾಯು ಹಿಗ್ಗಿ ಸಡಿಲಾಗಿದೆ. ಬಸುರಿಯಲ್ಲಿ ಹಾರ್ಮೋನುಗಳು ಸೊಂಟದ ಕಟ್ಟುಗಳನ್ನು ಮೆತ್ತಗೆ ಮಾಡಿರುತ್ತವೆ. ಆಮೇಲೆ ದಿನಕ್ಕೆ ಹತ್ತು ಹನ್ನೆರಡು ಸಲ ಮಗುವಿನ ಮೇಲೆ ಬಾಗಿ ಹಾಲು ಕೊಡುವುದು, ತೊಟ್ಟಿಲಿನಿಂದ ಎತ್ತುವುದು, ನಿದ್ದೆ ಇಲ್ಲದಿರುವುದು. ಬಾಗಬೇಡಿ, ತೊಡೆಯ ಮೇಲೆ ದಿಂಬಿಟ್ಟು ಮಗುವನ್ನೇ ಎದೆಯ ಎತ್ತರಕ್ಕೆ ತನ್ನಿ. ಬಾಣಂತನದ ಎಣ್ಣೆನೀರು ಹಿತವೇ. ಆದರೆ ತಿಂಗಳುಗಟ್ಟಲೆ ಕೋಣೆಯಲ್ಲೇ ಕೂರಿಸಬೇಡಿ, ಹೊಲಿಗೆ ಮಾಗುತ್ತಿದ್ದಂತೆ ಮನೆಯೊಳಗೇ ನಡೆದಾಡಲಿ. ಡಾಕ್ಟರ್ ಒಪ್ಪಿದ ಮೇಲೆ ಹೊಟ್ಟೆಯ ವ್ಯಾಯಾಮ ಶುರು ಮಾಡಲಿ.

ಮಗಳ ಸ್ಕೂಲ್ ಬ್ಯಾಗ್ ಅವಳಿಗಿಂತ ಭಾರ. ಎಷ್ಟಿರಬೇಕು?

2020ರ ರಾಷ್ಟ್ರೀಯ ಶಾಲಾ ಬ್ಯಾಗ್ ನೀತಿಯ ಪ್ರಕಾರ ಮಗುವಿನ ತೂಕದ ಹತ್ತನೇ ಒಂದು ಭಾಗ ಮೀರಬಾರದು. 25 ಕೆ.ಜಿ. ಮಗುವಿಗೆ ಎರಡೂವರೆ ಕೆ.ಜಿ. ಎರಡೂ ಭುಜಕ್ಕೆ ಹಾಕಲಿ. ತೂಕ ನೋಡಿ ಮೊದಲು ನೀರಿನ ಬಾಟಲ್ ತೆಗೆಯಿರಿ, ಶಾಲೆಯಲ್ಲಿ ಒಳ್ಳೆಯ ನೀರಿದ್ದರೆ.

## ಮತ್ತೆ ಬಾರದಂತೆ, ಬಂದು ಹೋಗದಿದ್ದರೆ

ಮನೆಯಲ್ಲೇ ಮಾಡೋ ವ್ಯಾಯಾಮ ಹೇಳಿ. ಜಿಮ್ಮಿಗೆಲ್ಲ ಹೋಗೋಕಾಗಲ್ಲ.

ನಾಲ್ಕು ಸಾಕು, ಚಾಪೆ ಇದ್ದರೆ ಆಯಿತು. ಮೊದಲು ಅಂಬೆಗಾಲಿನಲ್ಲಿ ನಿಂತು ಬೆನ್ನನ್ನು ಬೆಕ್ಕಿನ ಹಾಗೆ ಮೇಲಕ್ಕೆ ಉಬ್ಬಿಸಿ, ಕೆಳಕ್ಕೆ ಇಳಿಸಿ, ಎಂಟು ಹತ್ತು ಸಲ. ಇದು ಬಿಗಿತ ಬಿಡಿಸಲು. ಅದೇ ಅಂಬೆಗಾಲಿನಲ್ಲಿ ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ ಎಂಟು ಹತ್ತು ಸೆಕೆಂಡ್ ಹಿಡಿಯಿರಿ. ಬೆನ್ನ ಮೇಲೆ ನೀರು ತುಂಬಿದ ಚೊಂಬು ಇದೆ, ಚೆಲ್ಲಬಾರದು ಅಂದುಕೊಳ್ಳಿ. ಬದಿ ಬದಲಿಸಿ. ಮೂರನೆಯದು, ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು. ಭಾರ ಪೃಷ್ಠದ ಸ್ನಾಯುವಿಗೆ ಬೀಳಬೇಕು. ನಾಲ್ಕನೆಯದು, ಮಗ್ಗುಲಾಗಿ ಮೊಣಕೈ ಮತ್ತು ಮಡಚಿದ ಮಂಡಿಯ ಮೇಲೆ ಸೊಂಟ ಎತ್ತಿ ಹಿಡಿಯುವುದು.

ಉಸಿರು ಕಟ್ಟಬೇಡಿ. ಐದೈದು ಸಲದಿಂದ ಶುರು ಮಾಡಿ, ವಾರಕ್ಕೆ ಒಂದೆರಡು ಏರಿಸಿ. ಮಾಡುವಾಗ ಸ್ವಲ್ಪ ನೋವಾಗಿ, ಮರುದಿನ ಬೆಳಿಗ್ಗೆಗೆ ಹೋದರೆ ಸರಿಯಿದೆ. ಮರುದಿನ ಜಾಸ್ತಿಯಾದರೆ ಅರ್ಧಕ್ಕೆ ಇಳಿಸಿ, ಬಿಡಬೇಡಿ.

ಬರೀ ವಾಕಿಂಗ್ ಸಾಕಾ?

ಅಷ್ಟೇ ಮಾಡಿದರೂ ದೊಡ್ಡದು. 2024ರಲ್ಲಿ ಆಸ್ಟ್ರೇಲಿಯಾದಲ್ಲಿ ಸೊಂಟ ನೋವಿನಿಂದ ಆಗಷ್ಟೇ ಗುಣವಾದ 701 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನಡಿಗೆ ಕಲಿಸಿ, ನಿಧಾನವಾಗಿ ಏರಿಸುತ್ತಾ ವಾರಕ್ಕೆ ಐದು ದಿನ ಅರ್ಧ ಗಂಟೆಯ ಗುರಿ ಇಟ್ಟರು. ನಡೆದವರಲ್ಲಿ ನೋವು ಮರಳಲು ನಡುಮಟ್ಟದಲ್ಲಿ 208 ದಿನ ಹಿಡಿಯಿತು, ಇನ್ನೊಂದು ಗುಂಪಿನಲ್ಲಿ 112 ದಿನ. ದುಡ್ಡಿಲ್ಲದ ಮದ್ದಿಗೆ ಇದು ಕಡಿಮೆಯೇನಲ್ಲ. ‘ನಾನು ಮನೆಯಲ್ಲೇ ಬೇಕಾದಷ್ಟು ಓಡಾಡ್ತೀನಿ’ ಅನ್ನುವ ಅಮ್ಮಂದಿರಿಗೆ: ಅಡುಗೆಮನೆಯಲ್ಲಿ ನಿಂತು ನಾಲ್ಕು ಹೆಜ್ಜೆ ಹಾಕುವುದು ಬೇರೆ, ಕೈಬೀಸಿ ನಡೆಯುವುದು ಬೇರೆ.

ಯೋಗ ಮಾಡಬಹುದಾ? ಸೂರ್ಯ ನಮಸ್ಕಾರ?

ಯೋಗ ಒಳ್ಳೆಯದು, ಎಲ್ಲ ಆಸನವೂ ಎಲ್ಲರಿಗೂ ಅಲ್ಲ. ಮಕರಾಸನ, ಸೇತುಬಂಧಾಸನ, ಮೆಲ್ಲಗೆ ಭುಜಂಗಾಸನ, ಇವು ಹೆಚ್ಚಿನವರಿಗೆ ಒಗ್ಗುತ್ತವೆ. ಕಾಲು ನೆಟ್ಟಗಿಟ್ಟು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನ, ಜೋರಾಗಿ ತಿರುಚುವ ಆಸನಗಳನ್ನು ನೋವಿರುವಾಗ ಬಿಡಿ. ವೇಗದ ಸೂರ್ಯ ನಮಸ್ಕಾರವೂ ಆಮೇಲೆ.

ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು ಪಟ್ಟಿ, ಇಟ್ಟಿಗೆಯಂಥ ಮರದ ತುಂಡು, ಕುರ್ಚಿ, ಹಗ್ಗ ಇಟ್ಟುಕೊಂಡು ಆಸನ ಮಾಡಿಸುವ ಪದ್ಧತಿ ಬೆಳೆಸಿದರು. ಬಗ್ಗಲಾಗದ ಮೈಯನ್ನೂ ಆಸನಕ್ಕೆ ತರುವ ಉಪಾಯ ಅದು. ಈ ಪದ್ಧತಿಯನ್ನು ಹಳೆಯ ಸೊಂಟ ನೋವಿನವರಿಗೆ ಕಲಿಸಿ 2009ರಲ್ಲಿ ಅಮೆರಿಕದಲ್ಲಿ ನೋಡಿದಾಗ ನೋವೂ ಇಳಿದಿತ್ತು, ಕೆಲಸ ಮಾಡುವ ಶಕ್ತಿಯೂ ಹೆಚ್ಚಿತ್ತು. ವಿಡಿಯೋ ನೋಡಿ ಕಲಿಯುವುದಕ್ಕಿಂತ ಮೊದಲ ತಿಂಗಳಾದರೂ ಗುರುಗಳ ಮುಂದೆ ಮಾಡಿ.

ಎಂಆರ್‌ಐ ಮಾಡಿಸಿದೆ. ‘ಡಿಸ್ಕ್ ಸವೆದಿದೆ, ಉಬ್ಬಿದೆ’ ಅಂತ ಬರೆದಿದ್ದಾರೆ. ನನ್ನ ಕಥೆ ಮುಗೀತಾ?

ಆ ಕಾಗದ ಓದಿ ನಡುಗುತ್ತಾ ಬಂದವರನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಬೆನ್ನು ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು 2015ರಲ್ಲಿ ಒಟ್ಟು ಮಾಡಿ ನೋಡಿದರು. ಇಪ್ಪತ್ತು ವಯಸ್ಸಿನವರಲ್ಲೇ ಶೇ. 37 ಜನರಿಗೆ ಡಿಸ್ಕ್ ಸವೆತ ಇತ್ತು. ಐವತ್ತರಲ್ಲಿ ಶೇ. 80, ಎಂಬತ್ತರಲ್ಲಿ ಶೇ. 96. ಐವತ್ತರವರಲ್ಲಿ ಶೇ. 60 ಜನರಿಗೆ ಉಬ್ಬೂ ಇತ್ತು. ಅವರಾರಿಗೂ ನೋವಿರಲಿಲ್ಲ. ತಲೆಗೂದಲು ಬೆಳ್ಳಗಾದ ಹಾಗೆ ಇದು.

ಕಾಲಿಗೆ ಇಳಿಯುವ ನೋವು, ಬಲ ಕಡಿಮೆಯಾದದ್ದು, ಮೊದಲೇ ಹೇಳಿದ ಅಪಾಯದ ಗುರುತುಗಳು ಇದ್ದಾಗ ಸ್ಕ್ಯಾನ್ ಬೇಕು. ಮೊದಲ ವಾರದ ಸ್ನಾಯು ನೋವಿಗೆ ಬೇಡ. ಬೇಡದ ಸ್ಕ್ಯಾನ್ ಹೆದರಿಕೆ ಹುಟ್ಟಿಸುತ್ತದೆ, ಹೆದರಿದವರು ಅಲುಗಾಡುವುದು ನಿಲ್ಲಿಸುತ್ತಾರೆ.

ಬೆಳಿಗ್ಗೆ ಎದ್ದಾಗಲೇ ಬಿಗಿ ಜಾಸ್ತಿ. ಯಾಕೆ?

ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬುತ್ತವೆ. ಬೆಳಿಗ್ಗೆ ನಾವು ರಾತ್ರಿಗಿಂತ ಒಂದೂವರೆ ಸೆಂ.ಮೀ.ನಷ್ಟು ಹೆಚ್ಚು ಎತ್ತರ ಇರುವುದು ಅದಕ್ಕೇ. ಉಬ್ಬಿದ ಡಿಸ್ಕ್ ಬಗ್ಗಲು ಒಪ್ಪುವುದಿಲ್ಲ. ಎದ್ದ ಮೊದಲ ಅರ್ಧ ಮುಕ್ಕಾಲು ಗಂಟೆ ಬಗ್ಗಿ ಕಸ ಗುಡಿಸುವುದು, ಬಿಂದಿಗೆ ಎತ್ತುವುದು, ಶೂ ಕಟ್ಟುವುದು ಕಡಿಮೆ ಮಾಡಿ. ಗುಡಿಸುವುದನ್ನು ಕಾಫಿ ಆದ ಮೇಲೆ ಇಟ್ಟುಕೊಳ್ಳಿ.

ಆದರೆ ನಲವತ್ತರೊಳಗಿನ ವಯಸ್ಸು, ಬಿಗಿತ ಅರ್ಧ ಗಂಟೆಗಿಂತ ಜಾಸ್ತಿ, ಓಡಾಡಿದರೆ ಕಡಿಮೆ, ಮಲಗಿದರೆ ಹೆಚ್ಚು, ನಡುರಾತ್ರಿ ಎಚ್ಚರವಾಗುತ್ತದೆ, ಮೂರು ತಿಂಗಳಿಂದ ಹೀಗೇ ಇದೆ ಅಂದರೆ ಅದು ಸ್ನಾಯು ನೋವಲ್ಲದೆ ಇರಬಹುದು. ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಅನ್ನುವ ವಾತರೋಗ ಹೀಗೆ ಶುರುವಾಗುತ್ತದೆ. ವಾತರೋಗ ತಜ್ಞರನ್ನು ಬೇಗ ನೋಡಿ. ಎಷ್ಟೋ ಹುಡುಗರು ವರ್ಷಗಟ್ಟಲೆ ಮುಲಾಮು ಹಚ್ಚಿ ಕಳೆಯುತ್ತಾರೆ.

ಆರು ತಿಂಗಳಾಯ್ತು. ಎಲ್ಲ ರಿಪೋರ್ಟೂ ನಾರ್ಮಲ್. ‘ನಿನ್ನ ಮನಸ್ಸಿನ ನೋವು’ ಅಂತಾರೆ ಮನೆಯವರು. ನಾಟಕ ಮಾಡ್ತಿದ್ದೀನಾ?

ಇಲ್ಲ. ನೋವು ನಿಜ. ಗಾಯ ಮಾಗಿದ ಮೇಲೂ ಎಚ್ಚರಿಕೆಯ ಗಂಟೆ ಹೊಡೆಯುತ್ತಲೇ ಇರುತ್ತದೆ ಅಷ್ಟೇ. ಕಳ್ಳ ಬಂದು ಹೋದ ಮನೆಯ ನಾಯಿ ಎಲೆ ಬಿದ್ದರೂ ಬೊಗಳುತ್ತದೆ ನೋಡಿ, ನರಗಳೂ ಹಾಗೆ ಆಗುತ್ತವೆ. ನಿದ್ದೆಗೆಟ್ಟರೆ, ಸಾಲದ ಚಿಂತೆ ಇದ್ದರೆ, ಮನೆಯಲ್ಲಿ ಜಗಳವಿದ್ದರೆ ಬೊಗಳು ಇನ್ನೂ ಜೋರು.

ಆ ನಾಯಿಯನ್ನು ಮತ್ತೆ ಪಳಗಿಸುವುದು ನಿಧಾನದ ಕೆಲಸ. ಹೆದರಿ ಬಿಟ್ಟ ಕೆಲಸಗಳನ್ನು ಒಂದೊಂದಾಗಿ ಮರಳಿ ಹಿಡಿಯಬೇಕು. ಐದು ನಿಮಿಷ ನಡಿಗೆ, ಮುಂದಿನ ವಾರ ಏಳು. ಇವತ್ತು ಚೆನ್ನಾಗಿದೆ ಅಂತ ತೋಟವನ್ನೆಲ್ಲ ಸುತ್ತಿ ನಾಳೆ ಬೀಳುವುದು ಬೇಡ, ಇವತ್ತು ನೋವಿದೆ ಅಂತ ಪೂರ್ತಿ ಬಿಡುವುದೂ ಬೇಡ. ಮಲಗುವ ಹೊತ್ತು ಒಂದೇ ಇರಲಿ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹಳೆಯ ಸೊಂಟ ನೋವಿಗೆ ಕೊಟ್ಟ ಸಲಹೆಯಲ್ಲೂ ವ್ಯಾಯಾಮ, ತಿಳಿವಳಿಕೆ, ಮನಸ್ಸಿಗೆ ಸಂಬಂಧಿಸಿದ ಚಿಕಿತ್ಸೆ ಇವೆ. ಮನೋವೈದ್ಯರ ಹತ್ತಿರ ಹೋಗಿ ಅಂದರೆ ನೋವು ಸುಳ್ಳು ಅಂತ ಅರ್ಥವಲ್ಲ.

ಎಂಟು ತಿಂಗಳು ಚೆನ್ನಾಗಿದ್ದೆ. ಮತ್ತೆ ಬಂತು. ಇಷ್ಟು ದಿನ ಮಾಡಿದ್ದೆಲ್ಲ ವೇಸ್ಟಾ?

ಒಮ್ಮೆ ಬಂದವರಲ್ಲಿ ಸುಮಾರು ಮೂವರಲ್ಲಿ ಇಬ್ಬರಿಗೆ ವರ್ಷದೊಳಗೆ ಮತ್ತೆ ಬರುತ್ತದೆ. ನೀವು ಎಂಟು ತಿಂಗಳು ತಳ್ಳಿದಿರಿ. ಈ ಸಲ ಏನು ಮಾಡಬೇಕು ಅನ್ನುವುದೂ ಗೊತ್ತಿದೆ: ಅಪಾಯದ ಗುರುತು ಇಲ್ಲ ಅಂತ ಖಚಿತ ಮಾಡಿಕೊಳ್ಳಿ, ಮಗ್ಗುಲಲ್ಲಿ ಎದ್ದು ನಿಲ್ಲಿ, ಶಾಖ ಕೊಡಿ, ಗಂಟೆಗೊಮ್ಮೆ ಅಂಗಳಕ್ಕೆ ಹೋಗಿ ಬನ್ನಿ. ಎರಡು ದಿನ ಬಿಟ್ಟು ಬೆಕ್ಕಿನ ವ್ಯಾಯಾಮದಿಂದ ಶುರು ಮಾಡಿ. ಹಿಂದಿನ ಸಲದ ಮಾತ್ರೆ ಡಬ್ಬಿಯಲ್ಲಿ ಉಳಿದಿದ್ದರೆ ತಾರೀಖು ನೋಡಿ, ಬಿಸಾಡಿ.